ಇಡೋನಿಯ ಅಜ್ಜಿಯ ವಾರಸುದಾರರು

ಸ್ಕೆಲ್ಬಿ ಊರಿನ ಚರ್ಚು ಕಟ್ಟಿ ಏಳುನೂರು ವರ್ಷವಾಗಿತ್ತು. ಗೋಪುರವಿತ್ತು, ಆರು ಗಂಟೆಗಳಿದ್ದವು, ಬಣ್ಣದ ಗಾಜಿನ ಕಿಟಕಿಯಲ್ಲಿ ತಲೆ ಕಳೆದುಕೊಂಡ ಇಬ್ಬರು ಸಂತರಿದ್ದರು. ಇಲ್ಲದಿದ್ದದ್ದು ಶೌಚಾಲಯವೊಂದೇ. ಕಟ್ಟಿಸಿದ ಪುಣ್ಯಾತ್ಮರು ಪರಲೋಕದ ಚಿಂತೆಯಲ್ಲಿ ಇಹಲೋಕದ ಈ ಒಂದು ಅಗತ್ಯವನ್ನು ಮರೆತುಬಿಟ್ಟಿದ್ದರು. ಭಾನುವಾರದ ಪ್ರಾರ್ಥನೆ ಹತ್ತಕ್ಕೆ ಶುರುವಾಗುತ್ತಿತ್ತು. ಎದುರುಗಡೆ, ಶೌಚಾಲಯವಿದ್ದ 'ಮೂರು ಹೆಬ್ಬಾತು' ಪಬ್ಬು ಬಾಗಿಲು ತೆಗೆಯುತ್ತಿದ್ದದ್ದು ಹನ್ನೆರಡಕ್ಕೆ. ನಡುವಿನ ಎರಡು ಗಂಟೆ ಊರಿನ ಹಿರಿಯರೆಲ್ಲ ದೇವರ ಮೇಲೆ ಭಾರ ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂರಬೇಕಿತ್ತು. ಎಂಬತ್ತೆರಡು ವರ್ಷದ ಮಿಸೆಸ್ ಥ್ರಸೆಲ್ ಅಂತೂ ಚಳಿಗಾಲದಲ್ಲಿ ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಳು. "ದೇವರ ಮೇಲೆ ನಂಬಿಕೆ ಇದೆ, ನನ್ನ ಮೇಲೇ ಇಲ್ಲ" ಎಂದು ಪಾದ್ರಿಯಮ್ಮನಿಗೆ ಹೇಳಿ ಕಳಿಸಿದ್ದಳು.

ಈ ಕೊರತೆ ನೀಗಿಸಲು ಹನ್ನೊಂದು ವರ್ಷದಿಂದ ಟೊಂಕ ಕಟ್ಟಿ ನಿಂತವಳು ಬೆರಿಲ್ ಪಗ್‌ಮೋರ್. ಶೌಚಾಲಯ ಸಮಿತಿಯ ಕಾರ್ಯದರ್ಶಿ, ಖಜಾಂಚಿ ಮತ್ತು ಬಹುಪಾಲು ಸದಸ್ಯರು ಅವಳೇ. ಜಾಮ್ ಮಾಡಿ ಮಾರಿದಳು, ಟೋಪಿ ಹೆಣೆದು ಮಾರಿದಳು, ಬಿಷಪ್ಪರಿಗೆ ಕಾಗದ ಬರೆದಳು. ಆ ಬಿಷಪ್ಪರು ನಿವೃತ್ತರಾದರು, ಮುಂದಿನವರಿಗೆ ಬರೆದಳು. ಅವರೂ ನಿವೃತ್ತರಾದರು. ಮೂರನೆಯ ಬಿಷಪ್ಪರ ಕಾಲಕ್ಕೆ ಅಂತೂ ನಕ್ಷೆಗೆ ಒಪ್ಪಿಗೆ ಸಿಕ್ಕಿತು. ಚರ್ಚಿನ ಉತ್ತರದ ಮೂಲೆಯಲ್ಲಿ ಒಂದು ಶೌಚಾಲಯ, ಪಕ್ಕದಲ್ಲಿ ಚಹಾ ಕಾಯಿಸಲು ಒಂದು ನಲ್ಲಿ. ಆ ಮೂಲೆಯಲ್ಲಿ ಆರುನೂರು ವರ್ಷದಿಂದ ಮಲಗಿದ್ದ ಕಲ್ಲಿನ ಹೆಂಗಸೊಬ್ಬಳನ್ನು ಹನ್ನೆರಡು ಅಡಿ ಆಚೆ ಸರಿಸಬೇಕು, ಅಷ್ಟೆ.

ಕಲ್ಲಿನ ಹೆಂಗಸಿನ ಹೆಸರು ಲೇಡಿ ಇಡೋನಿಯ. ಸರ್ ಹ್ಯೂ ಎಂಬ ಜಮೀನುದಾರನ ಹೆಂಡತಿ ಎನ್ನುವುದು ಬಿಟ್ಟರೆ ಅವಳ ಬಗ್ಗೆ ಯಾರಿಗೂ ಏನೂ ತಿಳಿಯದು. ಗೋರಿಯ ಮೇಲೆ ಕೈಮುಗಿದುಕೊಂಡು ಅಂಗಾತ ಮಲಗಿದ್ದಳು. ಯಾವುದೋ ಕಾಲದ ಗಲಾಟೆಯಲ್ಲಿ ಮೂಗು ಹೋಗಿತ್ತು. ಊರವರು ಮಳೆಗಾಲದಲ್ಲಿ ಅವಳ ಮುಂಗೈಗೆ ಛತ್ರಿ ನೇತುಹಾಕುತ್ತಿದ್ದರು, ಸುಗ್ಗಿಯ ಪೂಜೆಗೆ ತಂದ ದೊಡ್ಡ ಕುಂಬಳಕಾಯಿಯನ್ನು ಅವಳ ಹೊಟ್ಟೆಯ ಮೇಲೆ ಇಡುತ್ತಿದ್ದರು. ಅವಳು ಯಾವುದಕ್ಕೂ ಬೇಡವೆಂದವಳಲ್ಲ.

ಬೆರಿಲಳ ಗಂಡ ಹೊರೇಸ್ ಪಗ್‌ಮೋರನೇ ಈ ಕಥೆಯ ನಾಯಕ. ನಾಯಕನಾಗುವಂಥ ಲಕ್ಷಣ ಅವನಲ್ಲಿ ಹುಡುಕಿದರೂ ಸಿಗದು, ಆದರೆ ಬೇರೆ ಯಾರೂ ಇಲ್ಲ. ಮೂವತ್ತೊಂದು ವರ್ಷ ಬಸ್ ಕಂಪನಿಯ ಕಚೇರಿಯಲ್ಲಿ ಕೂತು ವೇಳಾಪಟ್ಟಿ ಬರೆದು ನಿವೃತ್ತನಾಗಿದ್ದ. ನಿವೃತ್ತನಾದ ಮೇಲೆ ಒಂದು ಇಡೀ ವರ್ಷ ಕಿಟಕಿಯ ಬಳಿ ಕುಳಿತ. ಆಮೇಲೆ ಚಿಕ್ಕಪ್ಪನೊಬ್ಬ ಸತ್ತು, ಅವನ ಮನೆಯ ಹಳೆಯ ಬೈಬಲ್ಲು ಇವನ ಪಾಲಿಗೆ ಬಂತು. ಅದರ ಮೊದಲ ಹಾಳೆಯಲ್ಲಿ ನಾಲ್ಕು ತಲೆಮಾರಿನ ಪಗ್‌ಮೋರರ ಹೆಸರಿತ್ತು. ಹೊರೇಸನಿಗೆ ವಂಶವೃಕ್ಷದ ಗೀಳು ಅಂಟಿಕೊಂಡಿತು. ಜಿಲ್ಲಾ ದಫ್ತರಖಾನೆಯ ಧೂಳನ್ನೆಲ್ಲ ಕುಡಿದು, ಎರಡು ವರ್ಷದಲ್ಲಿ ಇಪ್ಪತ್ತು ತಲೆಮಾರು ಹಿಂದೆ ಹೋಗಿ, ತಾಯಿಯ ತಾಯಿಯ ತಂದೆಯ ತಾಯಿ ಎನ್ನುತ್ತ ನೇರವಾಗಿ ಲೇಡಿ ಇಡೋನಿಯಾಳ ಪಾದಕ್ಕೆ ಬಂದು ಬಿದ್ದ. ಇಡೋನಿಯಾಳಿಗೆ ಅಮೀಸಿಯ ಎಂಬ ಒಬ್ಬಳೇ ಮಗಳು. ಆ ಅಮೀಸಿಯಾಳ ಸಂತಾನವೇ ಪಗ್‌ಮೋರರು.

ಇಂಥ ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಕಷ್ಟ. ಊರಿನ ಸುಗ್ಗಿಯ ಊಟದ ದಿನ, ಹಂದಿಮಾಂಸ ಮುಗಿದು ಸೇಬಿನ ಕಡುಬು ಬರುವ ಮುಂಚಿನ ಬಿಡುವಿನಲ್ಲಿ, ಹೊರೇಸ್ ಎದ್ದು ನಿಂತು ಚಮಚದಿಂದ ಲೋಟ ಬಡಿದ.

"ನಿಮಗೆಲ್ಲ ಒಂದು ವಿಷಯ ತಿಳಿಸ್ಬೇಕು. ನನ್ನ ಮೈಯಲ್ಲಿ ಹರೀತಿರೋದು ಲೇಡಿ ಇಡೋನಿಯಾಳ ರಕ್ತ."

ಊರಿನ ಪ್ಲಂಬರ್ ಡೆಂಜಿಲ್ ಹಾಬ್‌ಡೇ ಉಪ್ಪಿನಕಾಯಿ ಈರುಳ್ಳಿ ಅಗಿಯುತ್ತ ಹೇಳಿದ: "ಹೋದ ತಿಂಗಳು ಏಣಿಯಿಂದ ಬಿದ್ದಾಗ ಸ್ವಲ್ಪ ಹರೀತಲ್ಲ. ನೋಡೋಕೆ ಮಾಮೂಲಿ ಹಾಗೇ ಇತ್ತು."

ಎಲ್ಲರೂ ನಕ್ಕರು. ಹೊರೇಸ್ ನಗಲಿಲ್ಲ. ಕುಲೀನರು ಇಂಥ ಸಂದರ್ಭದಲ್ಲಿ ಹುಬ್ಬು ಮಾತ್ರ ಏರಿಸುತ್ತಾರೆಂದು ಓದಿದ್ದ, ಅದನ್ನೇ ಮಾಡಿದ. ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಇಡೋನಿಯಾಳ ಮನೆತನದ ಲಾಂಛನ ಮೂರು ಮುಳ್ಳುಹಂದಿ. ಆ ಮೂರು ಮುಳ್ಳುಹಂದಿಗಳು ಅವನ ಕಾಗದದ ತಲೆಯ ಮೇಲೆ, ಪಾತ್ರೆ ಒರೆಸುವ ಬಟ್ಟೆಯ ಮೇಲೆ, ಕೊನೆಗೆ ಮನೆ ಮುಂದಿನ ಕಸದ ಡಬ್ಬದ ಮೇಲೆ ಕೂಡ ಕಾಣಿಸಿಕೊಂಡವು. ಚರ್ಚಿಗೆ ಹೋದಾಗ ಕಲ್ಲಿನ ಹೆಂಗಸಿನ ಭುಜ ತಟ್ಟಿ "ಹೇಗಿದ್ದೀರಿ ಅಜ್ಜಿ" ಎನ್ನುತ್ತಿದ್ದ. ಛತ್ರಿಗಳನ್ನು ಕಿತ್ತು ಹೊರಗಿಟ್ಟ. ಹೊಟ್ಟೆಯ ಮೇಲೆ ಕುಂಬಳಕಾಯಿ ಇಡುವ ಪದ್ಧತಿಯನ್ನು ನಿಷೇಧಿಸಿದ. ಬೆರಿಲ್ ಇದನ್ನೆಲ್ಲ ನೋಡಿಯೂ ನೋಡದಂತಿದ್ದಳು. ಮದುವೆಯಾಗಿ ಮೂವತ್ತೆಂಟು ವರ್ಷವಾದ ಹೆಂಗಸಿಗೆ ಈ ಕಲೆ ತಾನಾಗಿ ಬರುತ್ತದೆ.

ಎಡವಟ್ಟಾದದ್ದು ಒಂದು ಕಾಗದದಿಂದ. ಗೋರಿ ಸರಿಸುವ ಬಗ್ಗೆ ಚರ್ಚಿನ ಬಾಗಿಲಿಗೆ ನೋಟೀಸು ಅಂಟಿಸಿದ್ದರು. ಯಾರಿಗಾದರೂ ಹೇಳುವುದಿದ್ದರೆ ಇಪ್ಪತ್ತೆಂಟು ದಿನದೊಳಗೆ ಬಿಷಪ್ಪರ ಕಚೇರಿಗೆ ಬರೆಯಬಹುದು ಎಂದಿತ್ತು. ಇಂಥ ನೋಟೀಸನ್ನು ಯಾರೂ ಓದುವುದಿಲ್ಲ. ಹೊರೇಸ್ ಓದಿದ. ಅವನಿಗೆ ಆಕ್ಷೇಪಣೆ ಏನೂ ಇರಲಿಲ್ಲ. ಅಜ್ಜಿಯನ್ನು ಸರಿಸಿದ ಮೇಲೆ ಹೊಸ ಜಾಗದಲ್ಲಿ ಒಂದು ಸಣ್ಣ ಫಲಕ ಹಾಕಿ, 'ಈಕೆಯ ನೇರ ವಂಶಸ್ಥ ಶ್ರೀ ಹೊರೇಸ್ ಪಗ್‌ಮೋರ್, ಇದೇ ಊರು' ಎಂದು ಬರೆಸಿದರೆ ಚೆನ್ನ, ಎಂದು ಮುಳ್ಳುಹಂದಿ ಕಾಗದದಲ್ಲಿ ವಿನಯದಿಂದ ಬರೆದ. ಸಾಕ್ಷಿಗೆ ಬೆರಿಲ್ ಟೈಪ್ ಮಾಡಿಕೊಟ್ಟಿದ್ದ ವಂಶವೃಕ್ಷದ ಒಂದು ನಕಲನ್ನೂ ಜೊತೆಗಿಟ್ಟ.

ಮೂರನೆಯ ವಾರ ಬಿಷಪ್ಪರ ಕಚೇರಿಯಿಂದ ಮಿಸ್ಟರ್ ಲೆಗೆಟ್ ಎಂಬ ಗುಮಾಸ್ತರು ಮನೆಗೇ ಬಂದರು. ಸಣಕಲು ಮನುಷ್ಯ, ನೆಗಡಿ ಬೇರೆ. ಬೆರಿಲ್ ಸಂಭ್ರಮದಿಂದ ಚಹಾ ಮಾಡಿದಳು, ಹಬ್ಬಕ್ಕೆಂದು ಇಟ್ಟಿದ್ದ ಹಣ್ಣಿನ ಕೇಕು ಕೊಯ್ದು ತಟ್ಟೆಯಲ್ಲಿ ತಂದಿಟ್ಟಳು.

"ಕಾನೂನು ಬಹಳ ಸರಳ, ಮಿಸ್ಟರ್ ಪಗ್‌ಮೋರ್," ಎಂದರು ಲೆಗೆಟ್. "ಚರ್ಚು ಚರ್ಚಿನದು. ಆದರೆ ಒಳಗಿರೋ ಗೋರಿ, ಅದರಲ್ಲಿ ಮಲಗಿರೋರ ವಾರಸುದಾರರದು. ವಾರಸುದಾರರು ಯಾರೂ ಗೊತ್ತಿಲ್ಲ ಅಂದ್ರೆ ಚರ್ಚಿನ ನ್ಯಾಯಾಧೀಶರು ಒಂದು ಆಜ್ಞೆ ಹೊರಡಿಸಿ ಕಲ್ಲು ಸರಿಸ್ತಾರೆ. ನಾವೂ ಹಾಗೇ ಅಂದ್ಕೊಂಡಿದ್ವಿ. ಆರುನೂರು ವರ್ಷದಿಂದ ಆಯಮ್ಮನ್ನ ಯಾರೂ ಕೇಳ್ಕೊಂಡು ಬಂದಿರ್ಲಿಲ್ಲ. ಆಮೇಲೆ ನಿಮ್ಮ ಕಾಗದ ಬಂತು."

"ಮುಳ್ಳುಹಂದಿ ಇರೋದು," ಎಂದ ಹೊರೇಸ್.

"ಹೌದು. ಮುಳ್ಳುಹಂದಿ ಇರೋದು."

ಹೊರೇಸನ ಎದೆ ಒಂದು ಅಂಗುಲ ಮುಂದೆ ಬಂತು. "ಅಂದ್ರೆ ಅಜ್ಜಿ ನನ್ನ ಸ್ವತ್ತು. ಅದಕ್ಕೇನಂತೆ, ಎಲ್ಲಿ ಸಹಿ ಹಾಕ್ಬೇಕು ಹೇಳಿ."

"ನಿಮ್ಮೊಬ್ರದ್ದೇ ಆಗಿದ್ರೆ ಸರಿಹೋಗಿತ್ತು." ಲೆಗೆಟ್ ಚೀಲದಿಂದ ವಂಶವೃಕ್ಷ ತೆಗೆದು ನೆಲದ ಮೇಲೆ ಬಿಚ್ಚಿದರು. ಅದು ಬೆಂಕಿಗೂಡಿನಿಂದ ಹೊರಟು, ಸೋಫಾ ಸುತ್ತಿಕೊಂಡು, ಅಡುಗೆಮನೆಯ ಹೊಸ್ತಿಲವರೆಗೆ ಹೋಯಿತು. "ಗಂಡುಮಗ ಇದ್ದಿದ್ರೆ ಎಲ್ಲಾ ಹಿರಿಯವನಿಗೇ. ಆದ್ರೆ ಈ ಅಮೀಸಿಯಾಗೆ ಗಂಡುಮಕ್ಕಳಿಲ್ಲ. ನಾಲ್ಕು ಜನ ಹೆಣ್ಮಕ್ಕಳು. ಹೆಣ್ಮಕ್ಕಳಾದ್ರೆ ಸಮಪಾಲು. ಆ ನಾಲ್ವರಲ್ಲಿ ಇಬ್ರಿಗೆ ಮತ್ತೆ ಬರೀ ಹೆಣ್ಮಕ್ಕಳು. ನಾನು ನಿನ್ನೆ ಎಣಿಸೋಕೆ ಕೂತೆ. ಹದಿನೇಳನೇ ತಲೆಮಾರಿಗೆ ಬರೋಷ್ಟ್ರಲ್ಲಿ ಪೆನ್ಸಿಲ್ ಮುಗೀತು."

ಬೆರಿಲ್ ಚಹಾದ ಕೆಟಲು ಹಿಡಿದು ನಿಂತಿದ್ದಳು. "ಅವರೆಲ್ಲ ಸಹಿ ಹಾಕ್ಬೇಕಾ?"

"ಸಿಕ್ಕಷ್ಟು ಜನ ಹಾಕಿದ್ರೆ ಸಾಕು ಮೇಡಂ. ಆದ್ರೆ ಸಿಕ್ಕಿದವರಲ್ಲಿ ಒಬ್ರು ಬೇಡ ಅಂದ್ರೂ ವಿಚಾರಣೆ ಆಗ್ಲೇಬೇಕು."

ಬೆರಿಲ್ ಕೇಕಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಲೆಗೆಟ್ ಒಂದು ತುಂಡಿಗೆ ಕೈ ಚಾಚಿದ್ದರು. ಆ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.

ಅವರು ಹೋದ ಮೇಲೆ ಹೊರೇಸ್ ಅಡುಗೆಮನೆಗೆ ಇಣುಕಿದ. ಬೆರಿಲ್ ಪಾತ್ರೆ ತೊಳೆಯುತ್ತಿದ್ದಳು. ಮುಳ್ಳುಹಂದಿಯ ಬಟ್ಟೆಯಿಂದ ಬಾಣಲೆಯ ಜಿಡ್ಡು ಉಜ್ಜುತ್ತಿದ್ದಳು.

"ಹನ್ನೊಂದು ವರ್ಷ, ಹೊರೇಸ್. ಈ ಕೈಯಲ್ಲಿ ಮಾಡಿದ ಜಾಮ್ ಸುರಿದ್ರೆ ಊರ ಕೆರೆ ತುಂಬುತ್ತೆ. ನಿಮ್ಮಜ್ಜಿ ಹನ್ನೆರಡಡಿ ಸರಿಯೋಕೆ ಆಗಲ್ವಂತಾ?"

"ಸಹಿ ತರ್ತೀನಿ ಬೆರಿಲ್. ಎಲ್ಲರ ಹತ್ರನೂ ತರ್ತೀನಿ. ಯಾರು ಬೇಡ ಅಂತಾರೆ? ಎಲ್ರಿಗೂ ಟಾಯ್ಲೆಟ್ಟು ಬೇಕಲ್ಲ."

ಆ ಕ್ಷಣಕ್ಕೆ ಇದು ತರ್ಕಬದ್ಧವಾಗಿಯೇ ಕೇಳಿಸಿತು.

ಮರುದಿನವೇ ಹೊರೇಸ್ ವಂಶವೃಕ್ಷವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಮನೆ ಹತ್ತಿದ. ಸ್ಕೆಲ್ಬಿಯಂಥ ಊರಿನಲ್ಲಿ ಮುನ್ನೂರು ವರ್ಷದಿಂದ ಒಬ್ಬರ ಮನೆಯ ಹುಡುಗಿಯನ್ನು ಇನ್ನೊಬ್ಬರ ಮನೆಯ ಹುಡುಗ ಮದುವೆಯಾಗುತ್ತ ಬಂದಿದ್ದಾನೆ, ಬಸ್ಸಿನ ಸೌಕರ್ಯ ಅಂಥದು. ಹಾಬ್‌ಡೇಯ ಅಜ್ಜಿ ಪಗ್‌ಮೋರ್ ಮನೆಯವಳು. ಮಿಸೆಸ್ ಥ್ರಸೆಲ್‌ಳ ಮುತ್ತಜ್ಜನೂ ಹೊರೇಸನ ಮುತ್ತಜ್ಜನೂ ಅಣ್ಣತಮ್ಮಂದಿರು. ಕಸಾಯಿ ಅಂಗಡಿಯವನು, ಅಂಚೆಯವಳು, ಪಬ್ಬಿನ ಒಡೆಯ, ಎಲ್ಲರೂ ಎಳೆದರೆ ಅಮೀಸಿಯಾಳ ಸೆರಗಿಗೇ ಬಂದು ಸೇರುತ್ತಿದ್ದರು. ಹೊರೇಸ್ ಒಬ್ಬೊಬ್ಬರಿಗೂ ನಕ್ಷೆಯಲ್ಲಿ ಅವರವರ ಹೆಸರು ತೋರಿಸಿದ. ಅಲ್ಲೇ ಅವನು ಮುಗ್ಗರಿಸಿದ್ದು. ಮನುಷ್ಯನಿಗೆ ಮೊದಲು ಕಾಗದ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು, ಅವನು ಯಾರೆಂದು ಆಮೇಲೆ ತಿಳಿಸಬೇಕು.

ಹಾಬ್‌ಡೇ ತನ್ನ ಹೆಸರಿನ ಮೇಲೆ ಬೆರಳಿಟ್ಟ. "ಅಂದ್ರೆ ನಾನೂ?"

"ನೀನೂ. ನಿಮ್ಮಪ್ಪನ ಕಡೆಯಿಂದ ನೋಡಿದ್ರೆ ಮೂರನೇ ಮಗಳ ವಂಶ. ಇಲ್ಲೊಂದು ಸಹಿ ಹಾಕು ಡೆಂಜಿಲ್, ಅಜ್ಜಿ ಸರಿಸೋಕೆ."

"ಸರಿಸಿ?"

"ಅಲ್ಲಿ ನೀನೇ ಪೈಪ್ ಹಾಕ್ತೀಯಲ್ಲ, ಮರೆತ್ಯಾ?"

ಹಾಬ್‌ಡೇ ಟೋಪಿ ತೆಗೆದ. "ಸ್ವಂತ ಅಜ್ಜಿ ಮಲಗಿದ್ದ ಜಾಗದಲ್ಲಿ ಕಕ್ಕಸಿನ ಪೈಪು? ನಾನು ಪ್ಲಂಬರ್ ಹೌದು, ಹೊರೇಸ್. ಮೃಗ ಅಲ್ಲ."

ಮಿಸೆಸ್ ಥ್ರಸೆಲ್ ಮನೆಯಲ್ಲಾದರೂ ಬೇಗ ಕೆಲಸ ಮುಗಿಯಬಹುದೆಂದು ಹೊರೇಸ್ ನಂಬಿದ್ದ. ಈ ಶೌಚಾಲಯ ಹೊರಟಿದ್ದೇ ಅವಳಿಗಾಗಿ. ಅವಳು ಕನ್ನಡಕ ಏರಿಸಿ ನಕ್ಷೆ ನೋಡಿದಳು, ಅದನ್ನು ಮಡಿಚಿ ಅವನ ಕೈಗಿಟ್ಟಳು.

"ನಮ್ಮಮ್ಮನ ಕಡೆಯಿಂದ ನಾನು ಹಿರೀ ಮಗಳ ವಂಶ. ನೀನು?"

"ನಾನು… ನಾಲ್ಕನೆಯವಳ ಕಡೆ."

"ಹಾಗಾದ್ರೆ ಎದ್ದು ನಿಂತು ಮಾತಾಡು."

"ಸಹಿ ಒಂದು ಹಾಕಿದ್ರೆ…"

"ಹಾಕಲ್ಲ. ಎಂಬತ್ತೆರಡು ವರ್ಷ ತಡ್ಕೊಂಡಿದ್ದೀನಿ, ಇನ್ನು ಎಷ್ಟು ದಿನ? ನಮ್ಮ ಮನೆತನದ ಮರ್ಯಾದೆ ದೊಡ್ಡದು."

ಹದಿನೈದು ದಿನದಲ್ಲಿ ಸ್ಕೆಲ್ಬಿಯಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಸಿಗುವುದು ದುಸ್ತರವಾಯಿತು. ಪಬ್ಬಿನಲ್ಲಿ ಬೆಂಕಿಯ ಹತ್ತಿರದ ಕುರ್ಚಿಗಳು ಹಿರಿಯ ಮಗಳ ಕಡೆಯವರಿಗೆ ಮೀಸಲಾದವು. ನಾಲ್ಕನೆಯ ಮಗಳ ಕಡೆಯವರು ಬಾಗಿಲ ಬಳಿ ಗಾಳಿಗೆ ಕೂರಬೇಕಾಯಿತು, ಹೊರೇಸನೂ ಸೇರಿ. ಕಸಾಯಿಯವನು ಕುರಿಯ ಗುಂಡಿಗೆ, ಕರುಳು ಮಾರುವುದು ತನ್ನ ಘನತೆಗೆ ತಕ್ಕದ್ದಲ್ಲವೆಂದು ನಿಲ್ಲಿಸಿದ. ಮಿಸೆಸ್ ಥ್ರಸೆಲ್ ಆಸ್ಪತ್ರೆಯ ಚೀಟಿಯಲ್ಲಿ ತನ್ನ ಹೆಸರಿನ ಹಿಂದೆ 'ಲೇಡಿ' ಎಂದು ತಾನೇ ತಿದ್ದಿಕೊಂಡಳು. ಇಡೋನಿಯಾಳ ಗೋರಿಯ ಮೇಲೆ ದಿನಾ ಹೂವು ಬೀಳತೊಡಗಿತು. ಊರಿನಲ್ಲಿ ಆ ರಕ್ತವಿಲ್ಲದವರು ಇಬ್ಬರೇ ಉಳಿದರು. ಒಬ್ಬಳು ಆರು ಊರಿನ ಚರ್ಚುಗಳನ್ನು ಸಂಭಾಳಿಸುತ್ತಿದ್ದ ಪಾದ್ರಿಯಮ್ಮ ಗಿಲಿಯನ್, ಬರ್ಮಿಂಗ್‌ಹ್ಯಾಮಿನವಳು. ಇನ್ನೊಬ್ಬಳು ಬೆರಿಲ್, ಗ್ರಿಮ್ಸ್‌ಬಿಯ ಮೀನು ಬಂದರಿನಿಂದ ಮದುವೆಯಾಗಿ ಬಂದವಳು.

ಸಹಿಗಳು ಬಂದವು. ನಲವತ್ತಮೂರು ಸಹಿ, ಎಲ್ಲವೂ ಗೋರಿ ಸರಿಸುವುದು ಬೇಡ ಎನ್ನುವ ಅರ್ಜಿಗೆ. ಅರ್ಜಿ ಬರೆಯಲು ಮುಳ್ಳುಹಂದಿ ಕಾಗದ ಬೇಕೆಂದು ಹಾಬ್‌ಡೇ ಹೊರೇಸನನ್ನೇ ಕೇಳಿ ಇಸಿದುಕೊಂಡು ಹೋಗಿದ್ದ.

ಬೆರಿಲ್ ಅರ್ಜಿಯ ಪ್ರತಿಯನ್ನು ಓದಿ ಮಡಿಚಿ ಸಕ್ಕರೆ ಡಬ್ಬದ ಕೆಳಗಿಟ್ಟಳು. ಕೂಗಾಡಿದ್ದರೆ ಹೊರೇಸನಿಗೆ ಸಮಾಧಾನವಾಗುತ್ತಿತ್ತು. "ಹೋಗ್ಲಿ ಬಿಡು" ಎಂದಳು. ಅವಳು ಶೌಚಾಲಯದ ನಕ್ಷೆಯನ್ನು ಗೋಡೆಯಿಂದ ಬಿಚ್ಚಿ ಸುರುಳಿ ಸುತ್ತಿ ಬೀರುವಿನ ಮೇಲೆ ಎಸೆದಳು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಆ ವಾರ ಮನೆಯಲ್ಲಿ ಜಾಮ್ ಕುದಿಯಲಿಲ್ಲ.

ವಿಚಾರಣೆ ನವೆಂಬರಿನ ಒಂದು ಮಂಗಳವಾರ, ಚರ್ಚಿನ ಒಳಗೇ ನಡೆಯಿತು. ನಗರದಿಂದ ನ್ಯಾಯಾಧೀಶರು ಬಂದರು. ಬಿಳಿ ಕೂದಲಿನ ವಿಗ್ಗು, ಕಪ್ಪು ನಿಲುವಂಗಿ, ಕೈಯಲ್ಲಿ ದೊಡ್ಡದೊಂದು ಚಹಾ ಫ್ಲಾಸ್ಕು. ಅವರ ಮೇಜನ್ನು ಗೋರಿಯ ಪಕ್ಕದಲ್ಲೇ ಹಾಕಿದ್ದರು. ಅವರು ಕುಳಿತವರೇ ಫ್ಲಾಸ್ಕನ್ನು ಇಡೋನಿಯಾಳ ಹೊಟ್ಟೆಯ ಮೇಲೆ ಇಟ್ಟರು. ನಲವತ್ತಮೂರು ಜನ ವಾರಸುದಾರರು ಒಟ್ಟಿಗೆ ಉಸಿರೆಳೆದ ಸದ್ದು ಗೋಪುರದವರೆಗೆ ಹೋಯಿತು. ನ್ಯಾಯಾಧೀಶರು ಮೆಲ್ಲಗೆ ಫ್ಲಾಸ್ಕು ತೆಗೆದು ಕೆಳಗಿಟ್ಟರು.

ಚರ್ಚಿನ ಹೀಟರು ಎಂದಿನಂತೆ ಕೆಟ್ಟಿತ್ತು. ನ್ಯಾಯಾಧೀಶರು ಚಳಿಗೆ ಒಂದರ ಮೇಲೊಂದು ಲೋಟ ಚಹಾ ಕುಡಿಯುತ್ತಲೇ ಇದ್ದರು. ಬೆರಿಲ್ ಎದ್ದು ಹನ್ನೊಂದು ವರ್ಷದ ಕಥೆಯನ್ನು ನಾಲ್ಕು ವಾಕ್ಯದಲ್ಲಿ ಹೇಳಿ ಕುಳಿತಳು. ಆಮೇಲೆ ವಿರೋಧ ಪಕ್ಷದ ಪರವಾಗಿ ಮಿಸೆಸ್ ಥ್ರಸೆಲ್ ಬಂದಳು.

"ನೀವು ಶೌಚಾಲಯ ಬೇಡ ಅಂತೀರಾ?" ಎಂದು ಕೇಳಿದರು ನ್ಯಾಯಾಧೀಶರು.

"ಬೇಡವೇ ಬೇಡ ಸ್ವಾಮಿ."

"ಮತ್ಯಾಕೆ ಒಂದೇ ಕಾಲ ಮೇಲೆ ನಿಂತಿದ್ದೀರಿ?"

"ಅದು ಬೇರೆ ವಿಷಯ. ನೀವು ಬೇಗ ಬೇಗ ಕೇಳಿ."

ನ್ಯಾಯಾಧೀಶರಿಗೆ ಈ ಉತ್ತರ ಅರ್ಥವಾದಂತೆ ಕಂಡಿತು. ಅವರೂ ಕುರ್ಚಿಯಲ್ಲಿ ಒಮ್ಮೆ ಹೊರಳಿ, ಗೋಡೆಯ ಗಡಿಯಾರ ನೋಡಿದರು. ಹನ್ನೊಂದು ಗಂಟೆ ಹತ್ತು ನಿಮಿಷ. "ಮಿಸ್ಟರ್ ಪಗ್‌ಮೋರ್ ಬರಲಿ" ಎಂದರು.

ಹೊರೇಸ್ ಮೂಲ ವಂಶವೃಕ್ಷವನ್ನು ತೋಳಿಗೆ ಸುತ್ತಿಕೊಂಡು ಎದ್ದ. ಹಿಂದಿನಿಂದ ಹಾಬ್‌ಡೇ ಅವನ ಬೆನ್ನು ತಟ್ಟಿದ. ಊರು ಅವನ ಬೆನ್ನು ತಟ್ಟಿದ್ದು ಅದೇ ಮೊದಲು.

"ಇಷ್ಟೂ ಜನರ ದಾರಿ ಅಮೀಸಿಯ ಅನ್ನೋ ಒಬ್ಬಳ ಮೇಲಿಂದಲೇ ಹೋಗುತ್ತೆ," ಎಂದರು ನ್ಯಾಯಾಧೀಶರು. "ಆಕೆ ಇಡೋನಿಯಾಳ ಮಗಳು ಅನ್ನೋದಕ್ಕೆ ಆಧಾರ?"

"ಸರ್ ಹ್ಯೂ ಸತ್ತಾಗ ರಾಜನ ಕಡೆಯೋರು ಬಂದು ಮಾಡಿದ ಪಂಚನಾಮೆ ಇದೆ ಸ್ವಾಮಿ. ಮಗಳು ಅಮೀಸಿಯಾನೇ ವಾರಸುದಾರಳು ಅಂತ ಬರ್ದಿದ್ದಾರೆ."

"ಅದರಲ್ಲಿ ತಾಯಿ ಹೆಸರು ಇದೆಯಾ?"

"ತಾಯಿ ಹೆಸರು ಆಗ ಬರೀತಿರ್ಲಿಲ್ಲ. ಆದ್ರೆ ಹ್ಯೂನ ಹೆಂಡತಿ ಇವರೇ ಅಲ್ವಾ, ಇಲ್ಲೇ ಮಲಗಿದ್ದಾರೆ."

"ಇವರು ತೀರಿಕೊಂಡದ್ದು ಯಾವಾಗ?"

"1387. ಕಲ್ಲಿನ ಅಂಚಲ್ಲೇ ಕೆತ್ತಿದೆ."

"ಅಮೀಸಿಯ ಹುಟ್ಟಿದ್ದು?"

ಹೊರೇಸ್ ನಕ್ಷೆಯ ಮೇಲ್ತುದಿಯನ್ನು ಬಿಚ್ಚಿ ನೋಡಿದ. ಅಮೀಸಿಯ ಎಂಬ ಹೆಸರಿತ್ತು, ಅದರ ಮುಂದೆ ಇಸವಿ ಇರಬೇಕಾದ ಕಡೆ ಏನೂ ಇರಲಿಲ್ಲ. ಕಣ್ಣಿಗೆ ಹತ್ತಿರ ಹಿಡಿದ. ಟೈಪಿನ ತಪ್ಪು ಮುಚ್ಚಲು ಬಳಿಯುವ ಬಿಳಿ ಬಣ್ಣದ ಒಂದು ಸಣ್ಣ ಪಟ್ಟಿ ಅಲ್ಲಿತ್ತು. ಬೆರಿಲ್ ತಪ್ಪು ಟೈಪ್ ಮಾಡಿ ತಿದ್ದಲು ಮರೆತಿರಬೇಕೆಂದು ಉಗುರಿನಿಂದ ಕೆರೆದ. ಒಂದು ಬಂತು, ಮೂರು ಬಂತು, ಎಂಟು ಬಂತು. ಕೊನೆಗೆ ಬಂದದ್ದು ಒಂಬತ್ತು.

ಮೂವತ್ತೊಂದು ವರ್ಷ ಬರುವ ಹೊತ್ತು, ಹೊರಡುವ ಹೊತ್ತುಗಳನ್ನೇ ಬರೆದ ಮನುಷ್ಯ ಅವನು. ಪಂಚನಾಮೆಯಲ್ಲಿದ್ದ ಮಗಳ ವಯಸ್ಸಿನಿಂದ ಆ ಇಸವಿ ಲೆಕ್ಕ ಹಾಕಿ ಚೀಟಿಯಲ್ಲಿ ಗೀಚಿದವನೂ ಅವನೇ. ಗೋರಿಯ ಇಸವಿ ಇನ್ನೊಂದು ಚೀಟಿಯಲ್ಲಿತ್ತು. ಎರಡು ಚೀಟಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದವಳು ಅವನ್ನು ಟೈಪ್ ಮಾಡಿದ ಬೆರಿಲ್ ಒಬ್ಬಳೇ. ಹೊರೇಸನಿಗೆ ಆ ದಿನ ನೆನಪಾಯಿತು. ಅವನು ಅಜ್ಜಿ ಸಿಕ್ಕ ಖುಷಿಗೆ ಅಡುಗೆಮನೆಯಲ್ಲಿ ಕುಣಿಯುತ್ತಿದ್ದ. ಟೈಪ್ ಮಾಡುತ್ತಿದ್ದ ಬೆರಿಲ್ "ಹೊರೇಸ್, ಒಂದ್ನಿಮಿಷ ಇಲ್ಲಿ ಬಾ" ಎಂದು ಕರೆದಿದ್ದಳು. ಅವನು ಕುಣಿಯುತ್ತಲೇ ಬಂದಾಗ ಅವನ ಮುಖ ನೋಡಿ "ಏನಿಲ್ಲ ಬಿಡು" ಎಂದಿದ್ದಳು.

ಅವನು ತಲೆಯೆತ್ತಿ ಬೆರಿಲಳನ್ನು ನೋಡಿದ. ಅವಳಿಗೆ ಅವನ ಉಗುರು ಕಂಡಿತ್ತು. ಬೇಡ ಎನ್ನುವಂತೆ ತಲೆಯಾಡಿಸಿದಳು. ಬೇಡ, ಸುಮ್ಮನೆ ಯಾವುದೋ ಒಂದು ಇಸವಿ ಹೇಳು, ಕೂತುಕೋ. ಇಷ್ಟು ದಿನವೂ ಅವಳ ಬಾಯಿಂದ ಒಂದು ಸಂಖ್ಯೆ ಹೊರಬಿದ್ದಿದ್ದರೆ ಸಾಕಿತ್ತು, ಅವಳ ಹನ್ನೊಂದು ವರ್ಷದ ಕೆಲಸ ಕೈಗೂಡುತ್ತಿತ್ತು. ಅವಳು ಆ ಸಂಖ್ಯೆಯನ್ನು ನುಂಗಿಕೊಂಡು ಕೂತಿದ್ದಳು. ಹೊರೇಸನಿಗೆ ಇಷ್ಟು ನಾಚಿಕೆ ಜೀವಮಾನದಲ್ಲಿ ಆಗಿರಲಿಲ್ಲ, ಇಷ್ಟು ಸುಖವೂ ಆಗಿರಲಿಲ್ಲ.

"ಮಿಸ್ಟರ್ ಪಗ್‌ಮೋರ್?" ಎಂದರು ನ್ಯಾಯಾಧೀಶರು, ಕಾಲು ಕುಣಿಸುತ್ತ.

"ಸಾವಿರದ ಮುನ್ನೂರ ಎಂಬತ್ತೊಂಬತ್ತು, ಸ್ವಾಮಿ."

ನ್ಯಾಯಾಧೀಶರು ಬರೆದುಕೊಂಡರು. ಬರೆದದ್ದನ್ನು ನೋಡಿದರು. "ತಾಯಿ ಸತ್ತು ಎರಡು ವರ್ಷ ಆದ್ಮೇಲೆ?"

"ಹೌದು ಸ್ವಾಮಿ. ಬರೋದಕ್ಕೆ ಮುಂಚೆ ಹೊರಟುಹೋಗೋದನ್ನ ಬಸ್ಸಿನ ವಿಷಯದಲ್ಲಿ ನಾನೇ ಮಾಡಿದ್ದೀನಿ. ಹೆರಿಗೆ ವಿಷಯದಲ್ಲಿ ಅದು ಆಗಲ್ಲ." ಹೊರೇಸ್ ನಕ್ಷೆಯನ್ನು ಕೆಳಗಿಳಿಸಿದ. "ಹ್ಯೂ ಇನ್ನೊಂದು ಮದುವೆ ಆಗಿರ್ಬೇಕು. ಎರಡನೆಯವಳ ಹೆಸರು ಎಲ್ಲೂ ಇಲ್ಲ. ನಾವೆಲ್ಲ ಅವಳ ಕಡೆಯೋರು. ಇಡೋನಿಯಾಗೆ ಮಕ್ಕಳಿರ್ಲಿಲ್ಲ."

ನಲವತ್ತಮೂರು ಜನರ ರಕ್ತ ಒಂದೇ ಕ್ಷಣದಲ್ಲಿ ಮಾಮೂಲಿಯಾಗಿತ್ತು. ಮಿಸೆಸ್ ಥ್ರಸೆಲ್ ಮೊದಲು ಚೇತರಿಸಿಕೊಂಡಳು.

"ನಮ್ಮವಳನ್ನ ಎಲ್ಲಿ ಹೂತಿದ್ದಾರೆ ಹಾಗಾದ್ರೆ?"

"ಗೊತ್ತಿಲ್ಲ ಮಿಸೆಸ್ ಥ್ರಸೆಲ್."

"ಇವಳು ನಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ."

"ಮತ್ತೇನು ನೋಡ್ತೀರಿ? ಎತ್ತಿ ಆ ಕಡೆಗಿಡಿ ಅವಳನ್ನ. ಬೇಗ."

ಚರ್ಚಿನ ನ್ಯಾಯಾಲಯದ ಇತಿಹಾಸದಲ್ಲಿ ಅಷ್ಟು ಶೀಘ್ರವಾಗಿ ಯಾವ ತೀರ್ಪೂ ಬಂದಿರಲಾರದು. ವಾರಸುದಾರರು ಯಾರೂ ಗೊತ್ತಿಲ್ಲ, ಗೋರಿ ಸರಿಸತಕ್ಕದ್ದು, ಎಂದು ಹೇಳುತ್ತಲೇ ನ್ಯಾಯಾಧೀಶರು ಎದ್ದರು. ಪಾದ್ರಿಯಮ್ಮನ ಕಡೆ ಬಾಗಿ, "ಇಲ್ಲಿ ಹತ್ತಿರದಲ್ಲಿ ಎಲ್ಲಾದರೂ…" ಎಂದರು. ಊರಿಗೆ ಊರೇ ಕೈಯೆತ್ತಿ ಎದುರಿನ ಪಬ್ಬನ್ನು ತೋರಿಸಿತು.

"ಹನ್ನೆರಡಕ್ಕೆ ತೆಗೀತಾರೆ," ಎಂದ ಹಾಬ್‌ಡೇ.

ಆಗ ಹನ್ನೊಂದೂ ಇಪ್ಪತ್ತೈದು. ನ್ಯಾಯಾಧೀಶರು ಮತ್ತೆ ಕುಳಿತು, ಪೆನ್ನು ತೆಗೆದು, ಆಜ್ಞೆಯಲ್ಲಿ 'ಸರಿಸತಕ್ಕದ್ದು' ಎನ್ನುವುದರ ಹಿಂದೆ 'ತಕ್ಷಣವೇ' ಎಂದು ಸೇರಿಸಿ ಎರಡು ಗೆರೆ ಎಳೆದರು.

ಹಾಬ್‌ಡೇ ಆ ಕ್ರಿಸ್‌ಮಸ್ಸಿಗೆ ಮುಂಚೆಯೇ ಪೈಪು ಹಾಕಿದ. ಊರು ಒಂದು ತಿಂಗಳು ಹೊರೇಸನ ಜೊತೆ ಮಾತು ಬಿಟ್ಟಿತು. ಹಿರಿಯ ಮಗಳ ಕಡೆಯವರಂತೂ ಬೆಂಕಿಯ ಹತ್ತಿರದ ಕುರ್ಚಿ ಬಿಟ್ಟುಕೊಡಲು ಬಹಳ ಸಂಕಟಪಟ್ಟರು. ಆಮೇಲೆ ಮಿಸೆಸ್ ಥ್ರಸೆಲ್ ಹೊಸ ಶೌಚಾಲಯದಿಂದ ಮೊದಲಿಗಳಾಗಿ ಹೊರಬಂದು, ಬಾಗಿಲಲ್ಲಿ ನಿಂತು, "ಈಗ ಉಪದೇಶ ಎಷ್ಟುದ್ದ ಬೇಕಾದ್ರೂ ಮಾಡ್ಕೊಳ್ಳಿ ಪಾದ್ರಿಯಮ್ಮ" ಎಂದಳು. ಊರು ಹೊರೇಸನನ್ನು ಕ್ಷಮಿಸಿತು.

ಅದಿರಲಿ. ವಿಚಾರಣೆ ಮುಗಿದ ಆ ಮಂಗಳವಾರ ಗಂಡಹೆಂಡತಿ ಮನೆಗೆ ನಡೆದು ಹೊರಟರು. ಹೊರೇಸನ ತೋಳಿನಿಂದ ವಂಶವೃಕ್ಷದ ಬಾಲ ಜಾರಿ ಕೆಸರಿನಲ್ಲಿ ಎಳೆಯುತ್ತಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ನಿಂಗೆ ಮೊದಲೇ ಗೊತ್ತಿತ್ತು," ಎಂದ.

"ಟೈಪ್ ಮಾಡ್ದೋಳು ನಾನೇ ಅಲ್ವಾ."

"ಒಂದು ಮಾತು ಹೇಳಿದ್ರೆ ನಿನ್ನ ಟಾಯ್ಲೆಟ್ಟು ಯಾವತ್ತೋ ಆಗ್ತಿತ್ತು."

"ರಿಟೈರಾದ್ಮೇಲೆ ಒಂದು ವರ್ಷ ಕಿಟಕೀಲಿ ಕೂತಿದ್ದೆ ನೀನು. ಎದುರುಮನೆಯೋರು ಕಸದ ಡಬ್ಬ ಎಷ್ಟೊತ್ತಿಗೆ ಹೊರಗಿಟ್ರು ಅಂತ ಬರ್ಕೊಳ್ತಿದ್ದೆ. ನಂಗೆ ಹೆದರಿಕೆ ಆಗಿತ್ತು. ಆಮೇಲೆ ಒಂದಿನ ಅಡುಗೆಮನೇಲಿ ಕುಣಿದೆ." ಬೆರಿಲ್ ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. "ಎರಡು ವರ್ಷದ ವ್ಯತ್ಯಾಸ ತಾನೇ ಅಂತ ಬಳಿದ್ಬಿಟ್ಟೆ."

ಹೊರೇಸನಿಗೆ ಏನಾದರೂ ಹೇಳಬೇಕೆನಿಸಿತು. ಅವನಿಗೆ ಬರುತ್ತಿದ್ದ ಭಾಷೆ ಒಂದೇ.

"ಬೆರಿಲ್, ನಿಮ್ಮಮ್ಮನ ಅಮ್ಮನ ಹೆಸರೇನು?"

ಅವಳು ನಿಂತಳು. "ಮೂವತ್ತೆಂಟು ವರ್ಷ ಆದ್ಮೇಲೆ ಕೇಳ್ತಿದ್ದೀಯ."

"ಸುಮ್ನೆ. ಗೊತ್ತಿರ್ಲಿ ಅಂತ."

"ಹೇಳಲ್ಲ ಹೋಗು. ಹೇಳಿದ್ರೆ ದಫ್ತರಖಾನೆಗೆ ಓಡ್ತೀಯ. ಐವತ್ತು ವರ್ಷ ಬಂದರಲ್ಲಿ ನಿಂತು ಮೀನು ಸೀಳಿದ ಹೆಂಗಸು, ಈಗ ಕಾಲುಚಾಚಿ ಮಲಗಿದ್ದಾಳೆ. ಅವಳನ್ನ ಎಬ್ಬಿಸ್ಬೇಡ."

ಮನೆ ಬಂತು. ಬೆರಿಲ್ ಬೀಗದ ಕೈ ತಿರುವುತ್ತ, ಬಾಗಿಲಿಗೆ ಹೇಳುವಂತೆ ಹೇಳಿದಳು.

"ಹೆಪ್ಸಿಬ."

ಹೊರೇಸನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಬೆರಿಲ್ ಆ ಕೈಯನ್ನು ಹಿಡಿದುಕೊಂಡಳು.

"ಬರ್ಕೋಬೇಡ," ಎಂದಳು. "ನೆನಪಿಟ್ಕೋ."